ಕುರಿ ಮಲಗದ ಜಾಗ

ಚಿಂತಾಕಿ, ತಾ. ಔರಾದ
೧೨ ಮಾರ್ಚ್ ೨೦೨೪

ಪ್ರೀತಿಯ ಮಗ ಅನೀಲಕುಮಾರನಿಗೆ,

ನಿನ್ನ ಆಯಿ ಸಖುಬಾಯಿಯ ತುಂಬಾ ತುಂಬಾ ಆಶೀರ್ವಾದಗಳು. ಹೇಗಿದ್ದೀ ಮಗಾ? ಸೊಸೆ ಮನಿಷಾಳ ಸೊಂಟನೋವು ಕಡಿಮೆಯಾಯಿತೇ? ಮೊಮ್ಮಗಳು ಸೋನಾಲಿಗೆ ಹೈದರಾಬಾದಿನ ನೀರು ಒಗ್ಗಿತೇ, ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಇಲ್ಲಿ ನಿನ್ನ ಅಪ್ಪ ಆರಾಮ ಇದ್ದಾರೆ. ಕೆಮ್ಮೂ ಇದೆ, ಬೀಡಿಯೂ ಇದೆ, ಎರಡನ್ನೂ ಬಿಡುವ ಮನಸ್ಸಿಲ್ಲ ಅವರಿಗೆ. ಶಿವರಾತ್ರಿ ಉಪವಾಸ ಎಂದು ಹೇಳಿ ಬುಟ್ಟಿಯ ಗೆಣಸನ್ನೆಲ್ಲ ಒಬ್ಬರೇ ಮುಗಿಸಿದರು. ಕರಿಯ ಕುರಿ ಅವಳಿ ಮರಿ ಹಾಕಿದೆ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ಆಡುವ ಮಾತಲ್ಲ ಇದು. ಕುರಿ ದಲಾಲಿ ಲಾಲ ಅಹ್ಮದ ಆ ಕಡೆಗೆ ಹೊರಟಿದ್ದಾನೆ, ನಿನ್ನ ಹೊಸ ಮನೆ ಗೊತ್ತಿರುವುದು ಅವನೊಬ್ಬನಿಗೇ ಎಂದು ನೀನೇ ಹೇಳಿದ್ದೆ. ನೀನು ಸಾಲಿಗೆ ಹೋಗುವಾಗ ನಿನ್ನ ಪಾಟಿಯ ಮೇಲೆ ತಿದ್ದಿ ಕಲಿತ ಅಕ್ಷರ ಇವು. ನಗಬೇಡ, ನಿಧಾನ ಓದು.

ಹೋದ ವಾರ ನಿನ್ನ ಹಳೆಯ ಧಣಿ, ಭಾಲ್ಕಿಯ ಕುರಿ ವ್ಯಾಪಾರಿ ತುಷಾರ ಸೇಠ, ತನ್ನ ಹೊಲದಲ್ಲಿ ಕುರಿ ಕೂಡಿಸಿರಿ ಎಂದು ಹೇಳಿ ಕಳಿಸಿದ್ದ. ಸಾಯಗಾಂವದ ಆಚೆ, ಗುಡ್ಡದ ಮಗ್ಗುಲಿಗೆ ಇದೆ ಆ ಹೊಲ. ಹೊಲ ಎನ್ನುವುದು ಬಾಯಿಮಾತಿಗೆ, ಬರೀ ಕಲ್ಲು. ಬಿತ್ತುವ ಹೊಲಕ್ಕೆ ಗೊಬ್ಬರವಾಗಲೆಂದು ಜನ ಕುರಿ ಕೂಡಿಸಿಕೊಳ್ಳುತ್ತಾರೆ, ಜೋಳ ಅಳೆದು ಕೊಡುತ್ತಾರೆ. ಕಲ್ಲಿಗೆ ಯಾಕೆ ಗೊಬ್ಬರ ಎಂದು ನಾನು ಕೇಳಿದೆ. ಸೇಠಜೀಗಳ ಹೊಲ, ಸೇಠಜೀಗಳ ಮರ್ಜಿ, ನಮಗ್ಯಾಕ ಎಂದರು ನಿನ್ನ ಅಪ್ಪ. ಸಂಜೆಗೆ ಬಲೆ ಕಟ್ಟಿ ಹಿಂಡನ್ನು ಒಳಗೆ ಬಿಟ್ಟೆವು. ಎಂದೂ ಗದ್ದಲ ಮಾಡದ ಕುರಿಗಳು ಅವತ್ತು ಒಂದರ ಮೇಲೊಂದು ಬಿದ್ದು ಅಂಚಿಗೆ ಒತ್ತಿದವು. ಹಾವಿನ ಹುತ್ತ ಇರಬೇಕು ಎಂದುಕೊಂಡೆವು. ಅಲ್ಲಿ ಹುತ್ತವೂ ಇರಲಿಲ್ಲ, ಬಿಲವೂ ಇರಲಿಲ್ಲ.

ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಬೆಳಗಾದ ಮೇಲೆ ಹೊಲದವನೂ ಕುರಿಯವನೂ ಜೊತೆಗೇ ಹೊಲ ತಿರುಗಿ ಹಿಕ್ಕೆ ಎಲ್ಲ ಕಡೆ ಬಿದ್ದಿದೆಯೋ ಇಲ್ಲವೋ ನೋಡಬೇಕು. ಬಿಟ್ಟುಹೋದ ಜಾಗ ಇದ್ದರೆ ಮಾರನೆಯ ದಿನ ಬಲೆ ಅಲ್ಲಿಗೇ ಸರಿಸಬೇಕು. ತುಷಾರ ಸೇಠ ಬಿಳಿ ಬೂಟು ಹಾಕಿಕೊಂಡು ಕಾರಿನಿಂದ ಇಳಿದ. ನಿನ್ನ ಅಪ್ಪ ಕುರಿ ಬಿಡಲು ಹೋಗಿದ್ದರು, ನಾನೇ ಅವನ ಜೊತೆ ತಿರುಗಿದೆ. ಹೊಲದ ತುಂಬ ಹಿಕ್ಕೆ ಕರ್ರಗೆ ಹಾಸಿತ್ತು ಮಗಾ. ನಟ್ಟನಡುವೆ ಮಾತ್ರ ಒಂದೂ ಬಿದ್ದಿರಲಿಲ್ಲ. ಗೊರಸಿನ ಗುರುತು ಕೂಡ ಇರಲಿಲ್ಲ. ಯಾರೋ ಬಳಿದಿಟ್ಟ ಹಾಗೆ ಅಷ್ಟು ಜಾಗ ಖಾಲಿ. ಮನುಷ್ಯ ಕಾಲು ಚಾಚಿ ಮಲಗಿದಷ್ಟು ಉದ್ದ, ಹೆಗಲಷ್ಟು ಅಗಲ. ನಾನು ರೂಢಿಯಂತೆ ಹೇಳಿಬಿಟ್ಟೆ.

"ಸೇಠಜೀ, ಇಲ್ಲಿ ಬಿದ್ದಿಲ್ಲ ನೋಡ್ರಿ. ಇವತ್ತ ಇಲ್ಲೇ ಬಲಿ ಹಾಕ್ತೇವಿ."

ಅವನು ಆ ಜಾಗವನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ನಕ್ಕು, ಸಾಕು ಆಯಿ, ಜೋಳ ಒಯ್ಯಿರಿ, ಇನ್ನು ಕುರಿ ಬೇಡ ಎಂದ. ಅವನು ಹೋದ ಮೇಲೆ ನಿನ್ನ ಅಪ್ಪ ಬಂದು ಕೋಲು ಊರಿದರು. ಸುತ್ತ ಎಲ್ಲೂ ಇಳಿಯದ ಕೋಲು ಅಲ್ಲಿ ಮೊಳದಷ್ಟು ಇಳಿಯಿತು. ಎಳೆದು ತೆಗೆದವರು ಅದನ್ನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ, ಬೇಲಿಯ ಆಚೆ ಎಸೆದರು. ನಾಯಿ ಅಂಚಿನಲ್ಲಿ ಕೂತಿತ್ತು, ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ.

ವಾಪಸು ಬರುವಾಗ ಭಾತಂಬ್ರಾದಲ್ಲಿ ಅಂಬೂಬಾಯಿಯ ಮನೆಗೆ ಹೋದೆ. ನಿನ್ನ ಗಾಡಿಯ ಕ್ಲೀನರ್ ಶಿವರಾಜನ ತಾಯಿ ಎಂದು ನಿನಗೆ ನಾನು ಹೇಳಬೇಕೇ? ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದಾನೆ ಆ ಹುಡುಗ, ಖಾರ ಹೆಚ್ಚಾದರೆ ಕಿವಿ ಹಿಡಿದುಕೊಂಡು ಕುಣಿಯುತ್ತಿದ್ದ. ಅಂಬೂಬಾಯಿ ನಗುನಗುತ್ತ ಚಹಾ ಕೊಟ್ಟಳು. ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ದಿನಾ ಮೆಸೇಜ್ ಹಾಕುತ್ತಾನೆ ಎಂದಳು. ಪಕ್ಕದ ಮನೆಯ ಆಮ್ರಪಾಲಿ ಓದಿ ಹೇಳುತ್ತಾಳಂತೆ. ನನಗೂ ತೋರಿಸಿದಳು. "ಆರಾಮ ಇದ್ದೇನಿ ಅವ್ವಾ, ಚಿಂತಿ ಮಾಡಬ್ಯಾಡ." ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಅದೇ. ನನ್ನ ಕೈಯಲ್ಲಿ ಚಹಾ ತಣ್ಣಗಾಯಿತು. ಶಿವರಾಜನಿಗೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ ಅನೀಲ. ಏನಿದ್ದರೂ ಫೋನಿನಲ್ಲಿ ಬಾಯಲ್ಲೇ ಮಾತಾಡಿ ಕಳಿಸುತ್ತಿದ್ದ. ನಾನು ಮೆಲ್ಲಗೆ ಕೇಳಿದೆ, ಬರೆಯಲು ಯಾವಾಗ ಕಲಿತ ಎಂದು. ಅವಳ ನಗು ಅಲ್ಲೇ ನಿಂತಿತು.

"ಪುಣೆದಾಗ ಯಾರರೇ ಬರದು ಕೊಡ್ತಿರಬೇಕು, ಹೌದಿಲ್ಲ ವೈನಿ? ನೀವು ಹೌದನ್ರಿ."

ನಾನು ಬಟ್ಟಲು ಕೆಳಗಿಟ್ಟು ಎದ್ದೆ.

ಮಗಾ, ನಿನ್ನ ಅಂಗಿ ಒಗೆಯುವಾಗ ಕುರಿ ವಾಸನೆಯ ಕೆಳಗೆ ಇನ್ನೊಂದು ವಾಸನೆ ಬರುತ್ತಿತ್ತು, ಹಸಿ ಸೊಪ್ಪನ್ನು ಮುಚ್ಚಿಟ್ಟ ಹಾಗೆ. ಹೈದರಾಬಾದಿಗೆ ಹೋಗುವಾಗ ನೀನು ಓಡಿಸುತ್ತಿದ್ದ ಸೇಠನ ಗಾಡಿಯಲ್ಲಿ ಕುರಿ, ಬರುವಾಗ ಹಿಕ್ಕೆ ಹಾಸಿದ ಹಲಗೆಯ ಕೆಳಗೆ ಗಾಂಜಾ ಎಂದು ಭಾಲ್ಕಿ ಸಂತೆಯಲ್ಲಿ ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆ ಹೊಲಸಿನಲ್ಲಿ ಯಾರು ಕೈ ಹಾಕಿ ನೋಡುತ್ತಾರೆ? ಆ ಕಲ್ಲು ಹೊಲಕ್ಕೂ ಹಿಕ್ಕೆ ಅದಕ್ಕೇ ಬೇಕಿತ್ತು, ಅಡಿಯಲ್ಲಿರುವುದನ್ನು ಮುಚ್ಚಲು. ಶಿವರಾಜ ಕಾಣದಾದ ವಾರದಲ್ಲೇ ನೀನು ಹೆಂಡತಿ, ಮಗಳನ್ನು ಕರೆದುಕೊಂಡು ಊರು ಬಿಟ್ಟೆ. ಹೊಸ ಕೆಲಸ ಸಿಕ್ಕಿತು ಎಂದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಿನ್ನೆ ಮಧ್ಯಾಹ್ನ ತುಷಾರ ಸೇಠ ನಮ್ಮ ಮನೆಗೇ ಬಂದಿದ್ದ. ಒಬ್ಬನೇ ಬಂದಿದ್ದ, ಕೈಯಲ್ಲಿ ಪೇಢೆಯ ಡಬ್ಬಿ. ಕಟ್ಟೆಯ ಮೇಲೆ ಕೂತು ನಿನ್ನ ಅಪ್ಪನ ಕೆಮ್ಮು ವಿಚಾರಿಸಿದ. ಮನಿಷಾಳ ಸೊಂಟ ಹೇಗಿದೆ ಎಂದು ಕೇಳಿದ. ಮನೆಯವನೇ ಆಗಿದ್ದರೂ ಅಷ್ಟು ಕೇಳುತ್ತಿರಲಿಲ್ಲ. ಹೊರಡುವಾಗ ಬೂಟು ಹಾಕಿಕೊಳ್ಳುತ್ತ ಹೇಳಿದ.

"ಸೋನಾಲಿದು ಮುಂದಿನ ಹಲ್ಲು ಬಿತ್ತಲ್ಲ ಆಯಿ, ನಿನ್ನೆ. ನಕ್ಕರ ಭಾಳ ಚಂದ ಕಾಣಸ್ತಾಳ."

ಅವಳ ಹಲ್ಲು ಬಿದ್ದದ್ದು ನನಗೆ ಗೊತ್ತಿರಲಿಲ್ಲ ಮಗಾ. ಅವನು ಹೋದ ಮೇಲೆ ಮನಿಷಾಳಿಗೆ ಫೋನು ಮಾಡಿ ಕೇಳಿದೆ. ಹೌದತ್ತಿ, ನಿಮಗ್ಯಾರು ಹೇಳಿದರು ಎಂದು ಅವಳು ನಕ್ಕಳು. ಅವಳಿಗೆ ನಾನೇನೂ ಹೇಳಲಿಲ್ಲ. ಪೇಢೆಯನ್ನು ನಿನ್ನ ಅಪ್ಪ ಹಿತ್ತಲಲ್ಲಿ ಹೂತರು.

ಮನಿಷಾಳಿಗೆ, ಸೋನಾಲಿಗೆ ನನ್ನ ಮುದ್ದು. ದೇವರು ನಿಮ್ಮ ಮೂವರ ಬೆನ್ನ ಹಿಂದೆ ಇರಲಿ. ಅಪ್ಪ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ಇಂತಿ ನಿನ್ನ ಆಯಿ,
ಸಖುಬಾಯಿ

ತಾ.ಕ.: ಲಾಲ ಅಹ್ಮದ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಂಬೂಬಾಯಿಗೆ ಆ ಜಾಗ ಯಾವುದೆಂದು ಹೇಳಿಬಿಟ್ಟಿದ್ದೇನೆ. ಅವಳು ಅಳಲಿಲ್ಲ, ಎಷ್ಟು ಆಳ ಎಂದಷ್ಟೇ ಕೇಳಿದಳು. ಶುಕ್ರವಾರ ನಾವಿಬ್ಬರೂ ಬೀದರಿಗೆ ಹೋಗಿ ಪೊಲೀಸರ ದೊಡ್ಡ ಸಾಹೇಬರ ಮುಂದೆ ಕೂರುತ್ತೇವೆ. ನಿನ್ನ ಹೆಸರೂ ಅಲ್ಲಿ ಬರುತ್ತದೆ, ನಾನೇ ಹೇಳುತ್ತೇನೆ. ಹಡೆದವಳು ಹೀಗೆ ಮಾಡಬಹುದೇ ಎನ್ನಬೇಡ. ಆ ಖಾಲಿ ಜಾಗದ ಪಕ್ಕದಲ್ಲಿ ಇನ್ನೂ ಜಾಗ ಇದೆ ಮಗಾ, ಸೇಠ ನಕ್ಕಿದ್ದನ್ನು ನಾನು ನೋಡಿದ್ದೇನೆ. ನೀನು ಅಗೆದವನೋ, ನಿಂತು ನೋಡಿದವನೋ ನಾನು ಕೇಳುವುದಿಲ್ಲ. ಕೇಳುವವರ ಮುಂದೆ ನೀನೇ ಹೇಳು. ಈ ಕಾಗದ ಓದಿದ ಕೂಡಲೇ ಆ ಮನೆ ಬಿಡು, ಸಾಮಾನು ಕಟ್ಟುತ್ತ ಕೂರಬೇಡ. ಹೆಂಡತಿ, ಮಗಳನ್ನು ಕರೆದುಕೊಂಡು ನೆಟ್ಟಗೆ ಬೀದರಿಗೆ ಬಾ, ನಮಗಿಂತ ಮೊದಲೇ ಬಾ. ಹೊರಟೆ ಎಂದು ಒಂದು ಸಾಲು ಲಾಲ ಅಹ್ಮದನ ಕೈಯಲ್ಲೇ ಬರೆದು ಕಳಿಸು. ಬೇಗ ಬರಿ ಮಗಾ.