ಪಾಪ ಅಂದುಬಿಟ್ಟ

ಶನಿವಾರ, ಮಾರ್ಚ್ ೧೪

ಈ ಯುದ್ಧದ ಬೋರ್ಡ್ ಆಟ ಕೊಂಡು ತಂದವನು ನಾನು, ನಿಯಮ ಹೇಳಿಕೊಟ್ಟವನೂ ನಾನೇ. ಆದರೂ ಒಂದು ಗಂಟೆಯೊಳಗೆ ನನ್ನ ಸೈನ್ಯವೆಲ್ಲ ನೆಲಕಚ್ಚಿತು. ನನ್ನ ಗಡಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ ಅಕ್ಕ ಮುಂದಿನ ಸರದಿಯಲ್ಲೇ ಒಳನುಗ್ಗಿದಳು.

"ಆಟದಲ್ಲಿ ಅಕ್ಕ ಯಾರೋ, ತಮ್ಮ ಯಾರೋ!" ಎಂದು ನಕ್ಕಳು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ನನಗೆ ಉಳಿದಿದ್ದ ಒಂದೇ ಕೋಟೆಯನ್ನು ನಮ್ಮ ಹಲ್ಲಿನ ಡಾಕ್ಟರ್ ಗೆಳೆಯ ಬೇಕೆಂದೇ ಹೊಡೆಯದೆ ಬಿಟ್ಟುಬಿಟ್ಟ.

"ಪಾಪ, ಅದೊಂದು ಇರ್ಲಿ ಬಿಡೋ ನಿಂಗೆ."

"ಪಾಪ ಗೀಪ ಏನೂ ಬೇಡ, ಹೊಡಿ!" ಎಂದು ಕಿರುಚಿದೆ.

ಅವನು ತಲೆ ತಗ್ಗಿಸಿ ಕೋಟೆಯನ್ನು ಎತ್ತಿಟ್ಟ.

ಎಲ್ಲರೂ ಹೊರಡುವಾಗ ಮುಂದಿನ ಶನಿವಾರದ ಆಟದ ಮಾತೇ ಬರಲಿಲ್ಲ. ಪ್ರತಿ ವಾರ ಅದನ್ನು ಎತ್ತುತ್ತಿದ್ದವನು ಅವನೇ. ನಾಳೆ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು. ಅನ್ನುತ್ತೇನೆ. ಆದರೆ ಸಿಟ್ಟು ಇನ್ನೂ ಇಳಿದಿಲ್ಲವಲ್ಲ, ಹೇಗೆ...