ಉಡಕ್ಕೊಂದು ವೇಳಾಪಟ್ಟಿ

ತಂಗೀ,

ನಾವು ದ್ವೀಪಕ್ಕೆ ಬಂದು ಮುಟ್ಟಿದೆವು. ನಾಳೆ ಇಲ್ಲಿನ ಪ್ರಾಣಿಧಾಮ ಸುತ್ತಲು ನಮ್ಮಿಬ್ಬರಿಗೇ ಅಂತ ಒಂದು ಇಡೀ ದೋಣಿ ಗೊತ್ತುಮಾಡುತ್ತಿದ್ದೇವೆ. ನಿನ್ನ ಭಾವ ಹೆಡ್‌ಮಾಸ್ಟರ್ ಕೆಲಸದಿಂದ ನಿವೃತ್ತರಾದರೂ ಆ ಕೆಲಸ ಅವರನ್ನು ಬಿಟ್ಟಿಲ್ಲ ನೋಡು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ ಪ್ರಾಣಿಗಳಿಗೆಲ್ಲ ಟೈಮ್‌ಟೇಬಲ್ ಬರೆದು ತಂದಿದ್ದಾರೆ: ಏಳೂವರೆಗೆ ಆಮೆ, ಎಂಟೂವರೆಗೆ ಕೋತಿ, ಒಂಬತ್ತೂ ಕಾಲಿಗೆ ಉಡ. ದೋಣಿಯವನು ಅದನ್ನು ಪೂರ್ತಿ ಓದಿ, "ಸಾರ್, ಇದರದ್ದೊಂದು ಕಾಪಿ ಪ್ರಾಣಿಗಳಿಗೂ ಕೊಟ್ಟಿದೀರಾ?" ಅಂದ. ಇವರು ನಗಲಿಲ್ಲ.

ಅಷ್ಟರಲ್ಲಿ ಆಳುದ್ದದ ಉಡವೊಂದು ದೋಣಿ ಆಫೀಸಿನೊಳಕ್ಕೆ ಸೀದಾ ನಡೆದು ಬಂತು. ದೋಣಿಯವನೇ ಕಿಟಕಿ ಹಾರಿದ. ನಾನು ಕಿಟಾರನೆ ಕಿರುಚಿದೆ. ನಿನ್ನ ಭಾವ ಹಾಳೆಯಿಂದ ತಲೆ ಎತ್ತದೆ, "ಅದರ ಪಿರಿಯಡ್ ನಾಳೆ ಕಣೇ, ಈಗ ನೋಡ್ಬೇಡ" ಅಂದರು.

ಅದು ಮೇಜಿನ ಕೆಳಗೆ ಮಲಗಿ ಅರ್ಧ ಗಂಟೆಯಾಯಿತು. ಇವರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕೋತಿಯ ಪಿರಿಯಡ್ ತಿದ್ದುತ್ತಿದ್ದಾರೆ. ನನ್ನ ಮಂಡಿನೋವಿನ ಚಿಂತೆ ಬಿಡು. ಡಾಕ್ಟರ ಮಾತ್ರೆಗೆ ಬಗ್ಗದ್ದು ಉಡಕ್ಕೆ ಬಗ್ಗಿತು.

ಇಂತಿ, ಮೇಜಿನ ಮೇಲಿಂದ,
ನಿನ್ನ ಅಕ್ಕ