ಓದದೆ ಮಡಚಿಟ್ಟ ಚೀಟಿ

ದೊಡವಾಡ. ರವಿವಾರ, ಸಂಜೆ ಆರೂವರೆ. ಮಧ್ಯಾಹ್ನ ನಾಯಿಮರಿ ಅವ್ವನ ಕೈ ಕಚ್ಚಿದೆ. ಅವ್ವ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಬೈಲಹೊಂಗಲದ ಬಸ್ಸು ಏಳಕ್ಕೆ.

ಅಕ್ಕಾ,

ನೀನು ತೀರಿಹೋದ ಮೇಲೆ ಮನೆಯಲ್ಲಿ ಮಾತು ನಿಂತುಹೋಗಿತ್ತು. ನಾನು ಪುಸ್ತಕ ಹಿಡಿದು ಕೂತರೆ ಅವ್ವ ಗೋಡೆ ನೋಡುತ್ತ ಕೂರುತ್ತಿದ್ದಳು. ಒಂದೂವರೆ ತಿಂಗಳ ಹಿಂದೆ ಯಾರದೋ ಹಿತ್ತಲಿನಿಂದ ಅಂಗೈಯಷ್ಟು ಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದಳು. ನಿನ್ನ ಬಟ್ಟಲಲ್ಲೇ ಅದಕ್ಕೆ ಹಾಲು. ನಿನ್ನನ್ನು ಬೈದಂತೆಯೇ ಅದನ್ನೂ ಬೈಯುತ್ತಿದ್ದಳು. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು!

ಮರಿಯನ್ನು ಚೀಲದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದ ದಿನ ಲಸಿಕೆ ಹಾಕಿ ಒಂದು ಚೀಟಿ ಕೊಟ್ಟರು. ಅನುವಾದದ ಕಾದಂಬರಿಯಲ್ಲಿ ಒಂದು ಪದ ಸರಿ ಕೂರದಿದ್ದರೂ ಪೆನ್ಸಿಲ್ ಗುರುತು ಹಾಕುವ ನಾನು, ಆ ಚೀಟಿಯನ್ನು ಓದದೆ ಮಡಚಿ ಅರ್ಧ ಓದಿದ ಪುಸ್ತಕದೊಳಗೆ ಇಟ್ಟೆ. ಅವ್ವನಿಗೆ ಹೇಳಿದೆ: "ಸೂಜಿ ಆತು. ಇನ್ನ ಕಚ್ಚಿದ್ರೂ ಅಂಜಿಕಿ ಇಲ್ಲ."

ಮುಂದಿನ ವಾರ ಬೀದಿನಾಯಿಯೊಂದು ಮರಿಯ ಬೆನ್ನಿಗೆ ಬಾಯಿ ಹಾಕಿತು. ಅರಿಷಿಣ ಹಚ್ಚಿ ಸುಮ್ಮನಾದೆವು. ಸೂಜಿ ಆಗಿದೆಯಲ್ಲ... ನಿನ್ನೆಯಿಂದ ಅದು ಜೊಲ್ಲು ಸುರಿಸುತ್ತಿದೆ, ನಡೆದರೆ ವಾಲುತ್ತದೆ. ಇವತ್ತು ಮಧ್ಯಾಹ್ನ ಬೆರಳನ್ನು ಹಾಲಿಗೆ ಅದ್ದಿ ಬಾಯಿಗಿಟ್ಟ ಅವ್ವನನ್ನು ಕಚ್ಚಿತು. ಸಾಬೂನಿನಿಂದ ಗಾಯ ತೊಳೆದು, ಮರಿಯನ್ನು ಬುಟ್ಟಿಯಡಿ ಮುಚ್ಚಿ, ಪಶುವೈದ್ಯರಿಗೆ ಫೋನ್ ಮಾಡಿದೆ.

"ಅದು ಬ್ಯಾರೆ ರೋಗದ ಸೂಜಿರೀ. ಹುಚ್ಚುನಾಯಿ ರೋಗದ್ದು ಮರಿಗೆ ಮೂರು ತಿಂಗಳ ತುಂಬಿದ ಮ್ಯಾಲೆ. ಚೀಟ್ಯಾಗ ಬರದಿತ್ತಲ್ರೀ! ಮರಿ ಉಳಿಯೂದಿಲ್ಲ. ಅವ್ವಾರನ್ನ ಈಗಿಂದೀಗ ದವಾಖಾನಿಗೆ ಕರಕೊಂಡ ಹೋಗ್ರಿ."

ಅವ್ವ ಏನಂದಳು ಗೊತ್ತೇ? "ನನ್ನ ಕೂಸದು. ಕೂಸು ಕಡದ್ರ ಯಾರರೆ ಸೂಜಿ ಮಾಡಿಸ್ಕೊಂತಾರೇನು? ಅಂಜಿಕಿ ಇಲ್ಲಂತ ನೀನಽ ಹೇಳಿದ್ದಿ. ಅಷ್ಟ ಓದಾಂವ ಸುಳ್ಳ ಹೇಳ್ತಾನೇನೋ?"

ಡಾಕ್ಟರು ಹೇಳಿದರು ಎಂದಷ್ಟೇ ಅಂದೆ. ಚೀಟಿಯನ್ನು ನಾನು ಓದಿರಲೇ ಇಲ್ಲ ಎಂದು ಹೇಳಲಿಲ್ಲ. ಅವಳು ಇನ್ನೂ ಆ ಬುಟ್ಟಿಯ ಪಕ್ಕದಲ್ಲೇ ಕೂತಿದ್ದಾಳೆ, ಅಕ್ಕಾ. ಅವಳೂ ಹೋದರೆ ನಾನು...

ನೀನು ಊರಿನ ಆಶಾ ಕಾರ್ಯಕರ್ತೆಯಾಗಿದ್ದಾಗ, ಸೂಜಿಗೆ ಹೆದರಿ ದನದ ಕೊಟ್ಟಿಗೆಯಲ್ಲಿ ಅಡಗಿದ್ದ ಮುದುಕನಿಗೆ ತೋಳು ತೋರಿಸಿ ಅಂದಿದ್ದೆ: "ಅಜ್ಜಾ, ಮೊದಲ ನನಗ ಹಾಕ್ತಾರ. ನಾ ಅತ್ತರ ನೀ ಓಡಿ ಹೋಗು." ಅವನು ನಗುತ್ತ ಎದ್ದು ಬಂದ. ನನಗೆ ಅಂಥ ಮಾತು ಎಲ್ಲಿ ಬರುತ್ತದೆ?

ಇನ್ನೊಂದು ಸುದ್ದಿ ಯಾರಿಗೂ ಹೇಳಿಲ್ಲ. ಬುಟ್ಟಿ ಮುಚ್ಚುವಾಗ ಮರಿಯ ಹಲ್ಲು ನನ್ನ ಮಣಿಕಟ್ಟಿಗೂ ತಾಗಿದೆ. ತೊಳೆದುಕೊಂಡಿದ್ದೇನೆ.

ಚೀಟಿ ಈಗ ಕೈಯಲ್ಲಿದೆ. ಅವ್ವನ ಎದುರು ಕೂತು ಅದನ್ನು ಗಟ್ಟಿಯಾಗಿ ಓದುತ್ತೇನೆ. ಆ ದಿನ ಓದಿರಲಿಲ್ಲ ಎನ್ನುತ್ತೇನೆ. ಆಮೇಲೆ ಮಣಿಕಟ್ಟು ತೋರಿಸಿ, ಮೊದಲು ನನಗೆ ಹಾಕಲಿ ಎನ್ನುತ್ತೇನೆ. ಆಗಲೂ ಏಳದಿದ್ದರೆ ಹೊತ್ತುಕೊಂಡಾದರೂ ಬಸ್ಸು ಹತ್ತಿಸುತ್ತೇನೆ.

ಅವಳ ಚಪ್ಪಲಿಯನ್ನು ಬಾಗಿಲ ಹೊರಗೆ ಬೀದಿಯ ಕಡೆ ತಿರುಗಿಸಿ ಇಟ್ಟಿದ್ದೇನೆ. ಇನ್ನೂ ಕರೆದಿಲ್ಲ.